ಕಂಬಕ್ಕೆ ಮೀನು ಬಂದರೆ ಕಡಲು ಚೇತರಿಸಿಕೊಂಡಂತೆಯೇ?

ಪ್ರಶ್ನೆ: ನಾನು ವಿಜ್ಞಾನ ಶಿಕ್ಷಕಿ. ಕಡಲ ನಡುವೆ ಗಾಳಿಯಂತ್ರಗಳನ್ನು ನೆಡುವ ಬಗ್ಗೆ ತರಗತಿಯಲ್ಲಿ ಚರ್ಚೆ ಏರ್ಪಡಿಸಿದ್ದೆ. ‘ಕಂಬಗಳ ಸುತ್ತ ಮೀನು ಹೆಚ್ಚಿವೆ, ಯಂತ್ರಗಳಿಂದ ಕಡಲಿಗೆ ಲಾಭವೇ’ ಎಂದು ಒಂದು ಗುಂಪು ವಾದಿಸಿತು. ‘ತಿಮಿಂಗಿಲಗಳು ಸಾಯುತ್ತಿವೆ, ಹಕ್ಕಿಗಳು ರೆಕ್ಕೆಗೆ ಸಿಕ್ಕಿ ಬೀಳುತ್ತಿವೆ’ ಎಂದು ಇನ್ನೊಂದು ಗುಂಪು ಹೇಳಿತು. ಎರಡೂ ಗುಂಪಿನವರ ಬಳಿ ಚಿತ್ರಗಳಿದ್ದವು. ತೀರ್ಪು ಹೇಳಲು ತೋಚದೆ ನಾನು ಗಂಟೆ ಹೊಡೆಯುವುದನ್ನೇ ಕಾಯುತ್ತ ಕುಳಿತೆ. ಶುದ್ಧ ವಿದ್ಯುತ್ತೂ ಬೇಕು, ಬರಿದಾದ ಕಡಲು ಮತ್ತೆ ತುಂಬಿಕೊಳ್ಳಲೂ ಬೇಕು. ಎರಡೂ ಒಟ್ಟಿಗೆ ಸಾಧ್ಯವೇ? ಆಯಸ್ಸು ಮುಗಿದ ಮೇಲೆ ಆ ಕಂಬಗಳನ್ನು ಏನು ಮಾಡುತ್ತಾರೆ?

ಉತ್ತರ: ನಿಮ್ಮ ವಿದ್ಯಾರ್ಥಿಗಳು ತಂದ ಚಿತ್ರಗಳೆಲ್ಲ ನಿಜವೇ ಇದ್ದಿರಬಹುದು. ನನ್ನ ತಕರಾರು ಚಿತ್ರದ ಕೆಳಗೆ ಬರೆಯುವ ಸಾಲಿನ ಬಗ್ಗೆ. ಕಂಬದ ಸುತ್ತ ಮೀನು ಕಂಡರೆ ‘ಕಡಲು ಚೇತರಿಸಿಕೊಂಡಿದೆ’ ಎಂದು ಒಬ್ಬರು ಬರೆಯುತ್ತಾರೆ. ದಡಕ್ಕೆ ಬಿದ್ದ ತಿಮಿಂಗಿಲದ ಕೆಳಗೆ ‘ಗಾಳಿಯಂತ್ರದ ಬಲಿ’ ಎಂದು ಇನ್ನೊಬ್ಬರು ಬರೆಯುತ್ತಾರೆ. ಮೊದಲನೆಯದು ಅರ್ಧ ಸತ್ಯ, ಎರಡನೆಯದಕ್ಕೆ ಪುರಾವೆ ಇಲ್ಲ. ಎರಡೂ ಒಟ್ಟಿಗೆ ಸಾಧ್ಯವೇ ಎಂದರೆ, ಸಾಧ್ಯ. ಆದರೆ ಯಂತ್ರ ನೆಟ್ಟ ಮಾತ್ರಕ್ಕೆ ಅದು ಆಗಿಬಿಡುವುದಿಲ್ಲ. ಅದಕ್ಕೆ ಬೇಕಾದ ನಿರ್ಧಾರಗಳಲ್ಲಿ ಹೆಚ್ಚಿನವು ಮೊದಲ ಕಂಬ ನೀರಿಗಿಳಿಯುವ ಎಷ್ಟೋ ವರ್ಷ ಮೊದಲೇ ಆಗಿರಬೇಕು.

ನಾನು ಕೊಡುವ ಉದಾಹರಣೆಗಳು ಬಹುಪಾಲು ಯುರೋಪಿನ ಉತ್ತರ ಸಮುದ್ರ ಮತ್ತು ಅದರ ಆಸುಪಾಸಿನವು. ಕಾರಣ ಸರಳ, ಈ ವಿಷಯದಲ್ಲಿ ಅತಿ ಹಳೆಯ ದಾಖಲೆಗಳು ಇರುವುದು ಅಲ್ಲಿ. ಕಡಲಲ್ಲಿ ನಿಂತ ಜಗತ್ತಿನ ಮೊದಲ ಪವನ ವಿದ್ಯುತ್ ಕೇಂದ್ರ ಡೆನ್ಮಾರ್ಕಿನ ವಿಂಡೆಬಿಯಲ್ಲಿ 1991ರಲ್ಲಿ ಶುರುವಾಯಿತು. ಅಲ್ಲಿದ್ದ ಹನ್ನೊಂದು ಯಂತ್ರಗಳ ಒಟ್ಟು ಸಾಮರ್ಥ್ಯ ಐದು ಮೆಗಾವಾಟ್‌ನಷ್ಟು. ಇಂದು ಇಂಗ್ಲೆಂಡಿನ ಯಾರ್ಕ್‌ಶೈರ್ ತೀರದಾಚೆಯ ‘ಹಾರ್ನ್‌ಸೀ 2’ ಒಂದರಲ್ಲೇ 165 ಯಂತ್ರಗಳಿವೆ, ಸಾಮರ್ಥ್ಯ 1,300 ಮೆಗಾವಾಟ್ ದಾಟುತ್ತದೆ. 2023ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಓಸ್ಟೆಂಡ್‌ನಲ್ಲಿ ಸೇರಿದ ಒಂಬತ್ತು ದೇಶಗಳು 2050ರ ಹೊತ್ತಿಗೆ ಅಲ್ಲಿನ ಕಡಲುಗಳಿಂದ 3,00,000 ಮೆಗಾವಾಟ್ ಸಾಮರ್ಥ್ಯದ ಗುರಿ ಇಟ್ಟುಕೊಂಡವು. ಹನ್ನೊಂದು ಯಂತ್ರ ಇದ್ದಾಗ ಲೆಕ್ಕಕ್ಕೇ ಬಾರದ ತಪ್ಪುಗಳು ಈ ಪ್ರಮಾಣದಲ್ಲಿ ದೊಡ್ಡವಾಗಿ ಕಾಣುತ್ತವೆ.

ಮೊದಲು ಕಂಬದ ಹತ್ತಿರ ಹೋಗೋಣ. ಇಂಥ ಕಂಬಗಳ ನೀರೊಳಗಿನ ಚಿತ್ರೀಕರಣವನ್ನು ನಾನು ಗಂಟೆಗಟ್ಟಲೆ ನೋಡಿದ್ದೇನೆ, ಬೇಸರ ಬಂದದ್ದಿಲ್ಲ. ಕ್ಯಾಮೆರಾ ನೀರಿಗಿಳಿದೊಡನೆ ಮೊದಲು ಕಾಣುವುದು ಹಸಿರು ಪಾಚಿಯ ಪಟ್ಟಿ. ಅದರ ಕೆಳಗೆ ಉಕ್ಕು ಕಾಣದಂತೆ ಅಂಟಿಕೊಂಡ ಪಚ್ಚಿಲೆ. ಒಂದರ ಮೇಲೊಂದು ಕುಳಿತ ನೀಲಿ-ಕಪ್ಪು ಚಿಪ್ಪುಗಳ ಸಂದಿಸಂದಿಗಳಲ್ಲಿ ನಕ್ಷತ್ರಮೀನುಗಳು ತೋಳು ಚಾಚಿಕೊಂಡು ಊಟಕ್ಕೆ ಕುಳಿತಿರುತ್ತವೆ. ಇನ್ನೂ ಕೆಳಗೆ ಹೋದರೆ ಸೀಗಡಿಯ ದೂರದ ನೆಂಟನಾದ, ಅಕ್ಕಿಕಾಳಿನಷ್ಟು ಗಾತ್ರದ ‘ಜಾಸಾ’ ಎಂಬ ಜೀವಿಗಳು ಕೆಸರಿನ ಕೊಳವೆ ಕಟ್ಟಿಕೊಂಡು ಕಂಬಳಿ ಹೊದಿಸಿದಂತೆ ಆವರಿಸಿರುತ್ತವೆ. ತಳದ ಹತ್ತಿರ ಬಿಳಿ, ಕಿತ್ತಳೆ ಬಣ್ಣದ ಕಡಲಹೂಗಳು. ಕಂಬದ ಬುಡದ ಮರಳನ್ನು ಪ್ರವಾಹ ಕೊರೆದು ಒಯ್ಯದಿರಲಿ ಎಂದು ಸುತ್ತ ಕಲ್ಲು ಸುರಿದಿರುತ್ತಾರೆ. ಆ ಕಲ್ಲುಗಳ ನಡುವೆ ಏಡಿಗಳು ಅಡಗಿರುತ್ತವೆ, ಕಲ್ಲುಗಳ ಮೇಲೆ ಕಾಡ್ ಮೀನುಗಳು ಅಲುಗಾಡದೆ ತೇಲುತ್ತ ನಿಂತಿರುತ್ತವೆ. ಬೆಲ್ಜಿಯಂನ ಥಾರ್ನ್‌ಟನ್ ದಿಬ್ಬದಲ್ಲಿ 2008ರಿಂದ ನಡೆದಿರುವ ಅಧ್ಯಯನಗಳು ಈ ಕಾಡ್ ಮೀನುಗಳ ಹೊಟ್ಟೆ ಬಗೆದು ನೋಡಿವೆ. ಒಳಗಿದ್ದದ್ದು ಹೆಚ್ಚಾಗಿ ಅದೇ ಜಾಸಾ ಮತ್ತು ಕಲ್ಲಿನ ಸಂದಿಯ ಸಣ್ಣ ಏಡಿಗಳು. ಅಂದರೆ ಮೀನು ಬರೀ ನೆರಳಿಗೆ ಬಂದು ನಿಂತಿಲ್ಲ, ಅಲ್ಲೇ ಉಣ್ಣುತ್ತಿದೆ.

ಸೀಲ್‌ಗಳಿಗೂ ಇದು ಗೊತ್ತಾಗಿದೆ. ಬೆನ್ನಿಗೆ ಉಪಕರಣ ಅಂಟಿಸಿ ಬಿಟ್ಟ ಸೀಲ್‌ಗಳ ಓಡಾಟವನ್ನು 2014ರಲ್ಲಿ ಪ್ರಕಟಿಸಿದಾಗ ಒಂದು ನಕ್ಷೆ ಎಲ್ಲರ ಕಣ್ಣು ಕುಕ್ಕಿತು. ಇಂಗ್ಲೆಂಡಿನ ಶೆರಿಂಗ್‌ಹ್ಯಾಮ್ ಶೋಲ್ ಯಂತ್ರಗಳ ನಡುವೆ ಒಂದು ಸೀಲ್ ಕಂಬದಿಂದ ಕಂಬಕ್ಕೆ ನೇರ ಗೆರೆಯಲ್ಲಿ ಈಜಿತ್ತು. ಅದು ಹೋದ ದಾರಿಯನ್ನು ಕಾಗದದ ಮೇಲೆ ಮೂಡಿಸಿದರೆ ಯಂತ್ರಗಳ ಸಾಲು ಸಾಲು ಚೌಕಟ್ಟೇ ಎದ್ದು ಬರುತ್ತದೆ. ಹಾಲು ಹಾಕುವವನು ಮನೆಯಿಂದ ಮನೆಗೆ ಹೋದ ಹಾಗೆ ಪ್ರತಿ ಕಂಬಕ್ಕೂ ಹೋಗಿ, ಮೀನಿದೆಯೇ ಎಂದು ನೋಡಿ, ಮುಂದಿನದಕ್ಕೆ ಹೋಗಿದೆ.

ನಿಮ್ಮ ಮೊದಲ ಗುಂಪು ನೋಡಿರುವುದು ಇದನ್ನೇ. ಹಾಗಾದರೆ ಇದನ್ನು ಅರ್ಧ ಸತ್ಯ ಎಂದೇಕೆ ಕರೆದೆ?

ಒಂದನೆಯದಾಗಿ, ಸುತ್ತಲಿನ ಹತ್ತು ಮೈಲಿಯ ಮೀನು ಒಂದೆಡೆ ಬಂದು ಸೇರಿದರೆ ಕ್ಯಾಮೆರಾಕ್ಕೆ ಮೀನು ಹೆಚ್ಚಿದಂತೆಯೇ ಕಾಣುತ್ತದೆ. ಅಲ್ಲಿ ಮರಿಗಳು ಉಳಿದು, ಬೆಳೆದು, ಕಡಲಿನ ಒಟ್ಟು ಮೀನು ಹೆಚ್ಚಿತೇ ಎಂಬುದು ಬೇರೆಯೇ ಲೆಕ್ಕ. ಅದಕ್ಕೆ ವರ್ಷಗಟ್ಟಲೆ ಕಾದು, ಯಂತ್ರವಿಲ್ಲದ ಜಾಗದ ಜೊತೆ ಹೋಲಿಸಬೇಕು. ಎರಡನೆಯದಾಗಿ, ಯಂತ್ರಗಳು ನಿಲ್ಲುವುದು ಹೆಚ್ಚಾಗಿ ಮರಳ ತಳದಲ್ಲಿ. ಅಲ್ಲಿಗೆ ಕಲ್ಲು ಮತ್ತು ಉಕ್ಕು ತಂದಿಟ್ಟರೆ ಬಂಡೆಯ ಮೇಲೆ ಬದುಕುವ ಜೀವಿಗಳು ಬರುತ್ತವೆ. ಜಾತಿಗಳ ಪಟ್ಟಿ ಉದ್ದವಾಗುತ್ತದೆ, ವರದಿ ಓದುವವರಿಗೆ ಖುಷಿಯಾಗುತ್ತದೆ. ಹುಲ್ಲುಗಾವಲಿನಲ್ಲಿ ನಾಲ್ಕು ಮರ ನೆಟ್ಟು, ಬಂದ ಕಾಗೆ-ಗುಬ್ಬಿಗಳನ್ನು ಎಣಿಸಿ, ಹುಲ್ಲುಗಾವಲು ಉದ್ಧಾರವಾಯಿತು ಎಂದ ಹಾಗೆ ಇದು. ಬರುವ ಅತಿಥಿಗಳೆಲ್ಲ ಅದೇ ಊರಿನವರೂ ಅಲ್ಲ. ಪೆಸಿಫಿಕ್ ಸಾಗರದ ಸಿಂಪಿ, ಜಪಾನಿನ ಕಡಲ ನೊಣ ಇಂಥವು ಒಂದು ಕಂಬದಿಂದ ಇನ್ನೊಂದಕ್ಕೆ ಮೆಟ್ಟಿಲು ಮಾಡಿಕೊಂಡು ಹಬ್ಬುತ್ತವೆ.

ಮೂರನೆಯ ಕಾರಣ ನನಗೆ ಎಲ್ಲಕ್ಕಿಂತ ಮುಖ್ಯ. ಚೇತರಿಕೆ ಎಂದರೆ ಕಾಯಿಲೆಗೆ ಮುಂಚಿನ ಸ್ಥಿತಿಗೆ ಮರಳುವುದು. ಹಾಗಾದರೆ ಕಾಯಿಲೆಗೆ ಮುಂಚೆ ಕಡಲು ಹೇಗಿತ್ತು? 1883ರಲ್ಲಿ ಓಲೆ ಓಲ್ಸನ್ ಎಂಬುವರು ಮೀನುಗಾರರಿಗಾಗಿ ಉತ್ತರ ಸಮುದ್ರದ ನಕ್ಷೆಗಳ ಸಂಪುಟವೊಂದನ್ನು ಹೊರತಂದರು. ಈಗ ಬರೀ ಮರಳು, ಕೆಸರು ಎಂದು ನಾವು ಗುರುತಿಸುವ ವಿಶಾಲ ಜಾಗವನ್ನು ಅವರು ಸಿಂಪಿಯ ಹಾಸು ಎಂದು ತೋರಿಸಿದ್ದಾರೆ. ನೆದರ್ಲೆಂಡ್ಸ್ ಪಾಲಿನ ಕಡಲ ತಳದಲ್ಲಿ ಐದರಲ್ಲೊಂದು ಭಾಗ ಇಂಥ ಹಾಸು ಇತ್ತೆಂದು ಅಂದಾಜು. ಚಪ್ಪಟೆ ಸಿಂಪಿಗಳು ತಲೆಮಾರುಗಳ ಕಾಲ ಒಂದರ ಮೇಲೊಂದು ಬೆಳೆದು ಕಟ್ಟಿದ ಗಟ್ಟಿ ನೆಲ ಅದು. ತಳ ಗೋರುವ ಬಲೆಗಳು ಅದನ್ನು ಬಾಚಿಕೊಂಡು ಹೋದವು, ಉಳಿದದ್ದಕ್ಕೆ ಆಮೇಲೆ ರೋಗವೂ ಬಂತು. ನಾವು ‘ಸಹಜ ಮರಳು ತಳ’ ಎಂದು ಅಧ್ಯಯನಕ್ಕೆ ಆಧಾರವಾಗಿ ಇಟ್ಟುಕೊಳ್ಳುವುದು ಎಷ್ಟೋ ಕಡೆ ಈ ಲೂಟಿಯ ನಂತರದ ಕಡಲನ್ನು. ಕಂಪನಿಯ ವರದಿ ಯಂತ್ರ ನೆಡುವ ಎರಡು ವರ್ಷ ಮೊದಲಿನ ಅಂಕಿಗಳ ಜೊತೆ ಹೋಲಿಸುತ್ತದೆ, ಆಗಲೇ ಕಡಲು ಬರಿದಾಗಿತ್ತು.

ಹೀಗಾಗಿ ಯಂತ್ರಗಳ ಪ್ರದೇಶದಲ್ಲಿ ನನಗೆ ಆಸಕ್ತಿ ಹುಟ್ಟಿಸುವುದು ಕಂಬವಲ್ಲ, ಕಂಬಗಳ ನಡುವಿನ ಜಾಗ. ಕಂಬ, ಕಲ್ಲು ಎಲ್ಲ ಕೂಡಿಸಿದರೂ ಒಟ್ಟು ಪ್ರದೇಶದ ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಉಳಿದ ತೊಂಬತ್ತೊಂಬತ್ತು ಪಾಲಿನಲ್ಲಿ ಟ್ರಾಲ್ ಬಲೆ ಎಳೆಯಬಹುದೇ, ಇಲ್ಲವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಬೆಲ್ಜಿಯಂನಲ್ಲಿ ಯಂತ್ರಗಳ ನಡುವೆ ಮೀನುಗಾರಿಕೆಗೆ ನಿಷೇಧವಿದೆ. ಬ್ರಿಟನ್ನಿನಲ್ಲಿ ಹಾಗೆ ಸಾರಾಸಗಟು ನಿಷೇಧವಿಲ್ಲ, ಕೇಬಲ್ಲಿಗೆ ಬಲೆ ಸಿಕ್ಕೀತೆಂಬ ಭಯದಿಂದ ದೊಡ್ಡ ದೋಣಿಗಳು ತಾವೇ ದೂರ ಉಳಿಯುತ್ತವೆ. ಬಲೆ ನಿಂತ ಕೆಲವೇ ವರ್ಷಗಳಲ್ಲಿ ಮರಳಿನಲ್ಲಿ ಕೊಳವೆ ಕಟ್ಟುವ ಹುಳುಗಳು ಮೆಲ್ಲಗೆ ಮರಳುವುದನ್ನು ಥಾರ್ನ್‌ಟನ್ ದಿಬ್ಬದಲ್ಲಿ ಕಂಡಿದ್ದಾರೆ. ಹುಳು ಎಂದು ಮೂಗು ಮುರಿಯಬೇಡಿ, ಮರಳನ್ನು ಹಿಡಿದು ನಿಲ್ಲಿಸಿ ಉಳಿದವರಿಗೆ ನೆಲೆ ಮಾಡಿಕೊಡುವುದು ಅವೇ. ಆದರೆ ಬದಲಾವಣೆ ತೀರಾ ನಿಧಾನ. ಇನ್ನೊಂದು ಪೇಚೂ ಇದೆ. ಇಲ್ಲಿಂದ ಎಬ್ಬಿಸಿದ ದೋಣಿ ಕಟ್ಟೆಗೆ ಹೋಗಿ ನಿಲ್ಲುವುದಿಲ್ಲ, ಪಕ್ಕದ ಜಾಗಕ್ಕೆ ಹೋಗಿ ಬಲೆ ಹಾಕುತ್ತದೆ. ಒಟ್ಟು ಮೀನುಗಾರಿಕೆಯ ಒತ್ತಡ ಇಳಿಯದಿದ್ದರೆ ಯಂತ್ರಗಳ ಒಳಗೆ ಗಳಿಸಿದ್ದನ್ನು ಹೊರಗೆ ಕಳೆಯುತ್ತೇವೆ. ಈ ಲೆಕ್ಕವನ್ನು ಇಂಧನ ಇಲಾಖೆ ಮೀನುಗಾರಿಕೆ ಇಲಾಖೆಯದೆಂದು ಬಿಡುತ್ತದೆ, ಮೀನುಗಾರಿಕೆ ಇಲಾಖೆ ಇಂಧನದವರದೆಂದು ಬಿಡುತ್ತದೆ. ನಾನು ನೋಡಿದ ಯೋಜನೆಗಳ ಕಡತಗಳಲ್ಲಿ ಅತಿ ತೆಳ್ಳನೆಯ ಅಧ್ಯಾಯ ಇದೇ.

ಸದ್ದಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹಾನಿ ನಿಜ, ಪರಿಹಾರವೂ ನಿಜ. ಎಂಟು-ಹತ್ತು ಮೀಟರ್ ವ್ಯಾಸದ ಉಕ್ಕಿನ ಕೊಳವೆಯನ್ನು ಸುತ್ತಿಗೆ ಯಂತ್ರದಿಂದ ಸಾವಿರಾರು ಪೆಟ್ಟು ಕೊಟ್ಟು ತಳಕ್ಕೆ ಇಳಿಸುತ್ತಾರೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಓಡುತ್ತದೆ, ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಹೆಚ್ಚು. ದೂರವೂ ಹೆಚ್ಚು ಸಾಗುತ್ತದೆ. ಉತ್ತರ ಸಮುದ್ರದ ಪೋರ್ಪಸ್ ಎಂಬ ಪ್ರಾಣಿ ಡಾಲ್ಫಿನ್‌ನ ಗಿಡ್ಡ ನೆಂಟ. ಅದು ಬದುಕುವುದೇ ಕಿವಿಯಿಂದ. ತಾನೇ ಹೊರಡಿಸಿದ ಸದ್ದಿನ ಮಾರ್ದನಿಯಿಂದ ಮೀನು ಎಲ್ಲಿದೆ ಎಂದು ತಿಳಿಯುತ್ತದೆ, ಮತ್ತು ಮೈ ಬೆಚ್ಚಗಿಟ್ಟುಕೊಳ್ಳಲು ಹಗಲು-ರಾತ್ರಿ ತಿನ್ನುತ್ತಲೇ ಇರಬೇಕು. ಡೆನ್ಮಾರ್ಕಿನ ಹಾರ್ನ್ಸ್ ರೆವ್ 2 ಕಟ್ಟುವಾಗ ಪೋರ್ಪಸ್‌ಗಳ ಸದ್ದನ್ನು ಆಲಿಸುವ ಉಪಕರಣಗಳನ್ನು ನೀರಲ್ಲಿ ಇಟ್ಟಿದ್ದರು. ಸುತ್ತಿಗೆ ಬಡಿದಾಗ ಸುಮಾರು 18 ಕಿ.ಮೀ. ದೂರದವರೆಗೂ ಅವುಗಳ ಸದ್ದು ಕಡಿಮೆಯಾಯಿತು. ಕಂಬದ ಹತ್ತಿರ ಒಂದರಿಂದ ಮೂರು ದಿನ ಅವು ಸರಿಯಾಗಿ ಮರಳಲಿಲ್ಲ. ಅಷ್ಟರಲ್ಲಿ ಇನ್ನೊಂದು ಕಂಬದ ಬಡಿತ ಶುರುವಾಗುತ್ತಿತ್ತು.

ಜರ್ಮನಿ ಇದಕ್ಕೆ ಮಿತಿ ಹಾಕಿತು. ಬಡಿಯುವ ಜಾಗದಿಂದ 750 ಮೀಟರ್ ದೂರದಲ್ಲಿ ಒಂದು ಪೆಟ್ಟಿನ ಸದ್ದು 160 ಡೆಸಿಬೆಲ್ ಮೀರಬಾರದು. (ನೀರಿನ ಡೆಸಿಬೆಲ್ಲನ್ನು ಗಾಳಿಯ ಡೆಸಿಬೆಲ್ಲಿನ ಜೊತೆ ಹೋಲಿಸಬೇಡಿ, ಅಳತೆಯ ಆಧಾರವೇ ಬೇರೆ. ಮಕ್ಕಳು ‘ವಿಮಾನಕ್ಕಿಂತ ಜೋರು’ ಎಂದು ಬರೆದರೆ ಕೆಂಪು ಗೆರೆ ಎಳೆಯಿರಿ.) ಮಿತಿ ಬಂದಾಗ ಉದ್ಯಮ ಆಗುವುದಿಲ್ಲ ಎಂದು ಗೊಣಗಿತು, ಆಮೇಲೆ ದಾರಿ ಹುಡುಕಿತು. ಕಂಬದ ಸುತ್ತ ತಳದಲ್ಲಿ ತೂತುಗಳುಳ್ಳ ಕೊಳವೆಯನ್ನು ದೊಡ್ಡ ವೃತ್ತವಾಗಿ ಹಾಸುತ್ತಾರೆ. ಹಡಗಿನಿಂದ ಗಾಳಿ ಊದುತ್ತಾರೆ. ತಳದಿಂದ ಮೇಲಿನವರೆಗೂ ಗುಳ್ಳೆಗಳ ಪರದೆ ಏಳುತ್ತದೆ. ನೀರಲ್ಲಿ ಬಂದ ಸದ್ದು ಗಾಳಿಗುಳ್ಳೆಗೆ ತಾಗಿದಾಗ ಚದುರಿ ಸೊರಗುತ್ತದೆ. ಹತ್ತು ಡೆಸಿಬೆಲ್ ಇಳಿದರೆ ಸದ್ದಿನ ಶಕ್ತಿ ಹತ್ತನೆಯ ಒಂದಕ್ಕೆ ಇಳಿಯಿತು ಎಂದರ್ಥ. ಮೇಲಿನಿಂದ ನೋಡಿದರೆ ಬೂದು ಕಡಲ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಬಳೆ ಬರೆದ ಹಾಗೆ ಕಾಣುತ್ತದೆ. ನನಗೆ ಈ ಪ್ರಸಂಗ ಇಷ್ಟವಾಗುವುದು ಪರದೆಯ ಚಂದಕ್ಕಲ್ಲ. ‘ಆದಷ್ಟು ಕಡಿಮೆ ಸದ್ದು ಮಾಡಿ’ ಎಂದು ಬರೆದಿದ್ದರೆ ಯಾರೂ ಗಾಳಿ ಊದುತ್ತಿರಲಿಲ್ಲ. ಸಂಖ್ಯೆ ಇತ್ತು, ಅಳೆಯುವ ಜಾಗ ಇತ್ತು, ಮೀರಿದರೆ ಉತ್ತರ ಕೊಡಬೇಕಿತ್ತು.

ಎಲ್ಲ ಕಡೆ ಇಷ್ಟು ಸರಳವಾಗಿಲ್ಲ. ನೆದರ್ಲೆಂಡ್ಸ್‌ನ ಎಗ್ಮಾಂಡ್ ಆನ್ ಝೇ ಯಂತ್ರಗಳ ನಡುವೆ, ಅವು ತಿರುಗಲು ಶುರುವಾದ ಮೇಲೆ, ಪೋರ್ಪಸ್‌ಗಳ ಸದ್ದು ಮೊದಲಿಗಿಂತ ಹೆಚ್ಚಾಯಿತು. ಡೆನ್ಮಾರ್ಕಿನ ನಿಸ್ಟೆಡ್‌ನಲ್ಲಿ ಹತ್ತು ವರ್ಷ ಕಳೆದರೂ ಅವು ಹಳೆಯ ಮಟ್ಟಕ್ಕೆ ಮರಳಲಿಲ್ಲ. ತಮಾಷೆ ನೋಡಿ, ನಿಸ್ಟೆಡ್‌ನ ಅಡಿಪಾಯಗಳು ಸುತ್ತಿಗೆಯಿಂದ ಬಡಿದವಲ್ಲ, ತಮ್ಮ ಭಾರದಿಂದಲೇ ಕೂರುವ ಕಾಂಕ್ರೀಟಿನವು. ಒಂದು ಕಡಲಿನ ಫಲಿತಾಂಶವನ್ನು ಇನ್ನೊಂದು ಕಡಲಿನ ಅನುಮತಿ ಪತ್ರಕ್ಕೆ ಅಂಟಿಸಬಾರದು ಎಂದು ನಾನು ಹಟ ಹಿಡಿಯುವುದು ಇಂಥವನ್ನು ನೋಡಿಯೇ.

ತಿಮಿಂಗಿಲದ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಅಮೆರಿಕದ ಪೂರ್ವ ತೀರದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳ ಸಾವು ಅಸಹಜವಾಗಿ ಏರಿದ್ದು 2016ರ ಜನವರಿಯಿಂದ. ಅಲ್ಲಿನ ಮೊದಲ ಕಡಲ ಪವನ ಕೇಂದ್ರ, ಬ್ಲಾಕ್ ದ್ವೀಪದ ಬರೀ ಐದು ಯಂತ್ರ, ವಿದ್ಯುತ್ ಕೊಡಲು ಶುರು ಮಾಡಿದ್ದೇ ಅದೇ ವರ್ಷದ ಕೊನೆಗೆ. ಪರೀಕ್ಷಿಸಲು ಸಾಧ್ಯವಾದ ದೇಹಗಳಲ್ಲಿ ಸುಮಾರು ಶೇ 40ರಲ್ಲಿ ಹಡಗು ಬಡಿದ ಅಥವಾ ಬಲೆಯ ಹಗ್ಗ ಸುತ್ತಿದ ಗುರುತಿತ್ತು. ಗಾಳಿಯಂತ್ರದ ಕೆಲಸಕ್ಕೂ ಈ ಸಾವುಗಳಿಗೂ ನಂಟು ಸಿಕ್ಕಿಲ್ಲವೆಂದು ಅಲ್ಲಿನ ಸರ್ಕಾರಿ ಸಾಗರ ಸಂಸ್ಥೆ ನೋವಾ ಹೇಳಿದೆ. ಹಾಗೆಂದು ಎಚ್ಚರ ಬೇಡವೆಂದಲ್ಲ. 400ಕ್ಕಿಂತ ಕಡಿಮೆ ಉಳಿದಿರುವ ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳು ಬರುವ ಕಾಲವೆಂದು, ಜನವರಿಯಿಂದ ಏಪ್ರಿಲ್ ಕೊನೆಯವರೆಗೆ ಕಂಬ ಬಡಿಯುವುದಿಲ್ಲವೆಂದು ಮ್ಯಾಸಚೂಸೆಟ್ಸ್ ಬಳಿಯ ವಿನ್‌ಯಾರ್ಡ್ ವಿಂಡ್ ಯೋಜನೆ 2019ರಲ್ಲೇ ಪರಿಸರ ಸಂಘಟನೆಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಕೇಬಲ್‌ಗಳ ಕಾಂತಕ್ಷೇತ್ರದ ಬಗ್ಗೆ ಕೇಳುವವರೂ ಇದ್ದಾರೆ. ಪ್ರಯೋಗಾಲಯದ ಬಲವಾದ ಕಾಂತಕ್ಷೇತ್ರದಲ್ಲಿ ಏಡಿಗಳು ಅಲ್ಲೇ ಅಂಟಿಕೊಂಡು ಕೂತದ್ದಿದೆ. ತೊರಕೆ, ಶಾರ್ಕ್‌ಗಳಿಗೂ ಇಂಥ ಕ್ಷೇತ್ರ ಅರಿವಿಗೆ ಬರುತ್ತದೆ. ಕೇಬಲ್ಲನ್ನು ಮೀಟರ್‌ನಷ್ಟು ಆಳದಲ್ಲಿ ಹೂತರೆ ತಳಕ್ಕೆ ಮುಟ್ಟುವ ಪ್ರಭಾವ ಬಹಳಷ್ಟು ತಗ್ಗುತ್ತದೆ. ನನ್ನ ಚಿಂತೆಗಳ ಪಟ್ಟಿಯಲ್ಲಿ ಇದು ಕೆಳಗಿದೆ.

ಮೇಲಿರುವುದು ಹಕ್ಕಿಗಳು. ಎಲ್ಲರೂ ರೆಕ್ಕೆಗೆ ಬಡಿದು ಬೀಳುವುದನ್ನೇ ಊಹಿಸುತ್ತಾರೆ. ಅದು ಇದೆ, ಆದರೆ ಕೆಲವು ಜಾತಿಗಳಿಗೆ ಜಾಗ ಕಳೆದುಕೊಳ್ಳುವುದೇ ದೊಡ್ಡ ನಷ್ಟ. ಕೆಂಪು ಕತ್ತಿನ ಡೈವರ್ ಎಂಬ ಮುಳುಗು ಹಕ್ಕಿ ಯಂತ್ರಗಳನ್ನು ಕಂಡರೆ ಹತ್ತು ಕಿ.ಮೀ.ಗೂ ಆಚೆ ಸರಿಯುತ್ತದೆ ಎಂದು ಜರ್ಮನಿಯ ತೀರದಲ್ಲಿ ತಿಳಿದುಬಂದಿದೆ. ಒಂದೂ ಹಕ್ಕಿ ಸಾಯಲಿಲ್ಲ ಎಂದು ವರದಿ ಹೇಳಬಹುದು, ಅದು ನಿಜವೂ ಆಗಿರಬಹುದು, ಆದರೂ ಅವುಗಳ ಚಳಿಗಾಲದ ಊಟದ ಮನೆ ಮುಚ್ಚಿದೆ. ಇದಕ್ಕೆ ಗುಳ್ಳೆ ಪರದೆಯಂಥ ಯಂತ್ರೋಪಾಯ ಇಲ್ಲ. ಆ ಜಾಗದಲ್ಲಿ ಕಟ್ಟಬಾರದಿತ್ತು, ಅಷ್ಟೇ. ವಲಸೆ ಹಕ್ಕಿಗಳಿಗೆ ಬೇರೆ ದಾರಿ ಇದೆ. 2023ರ ಮೇ 13ರ ರಾತ್ರಿ ನೆದರ್ಲೆಂಡ್ಸ್ ತನ್ನ ಬೋರ್ಸೆಲೆ ಮತ್ತು ಎಗ್ಮಾಂಡ್ ಯಂತ್ರಗಳನ್ನು ನಾಲ್ಕು ಗಂಟೆ ಕಾಲ ನಿಮಿಷಕ್ಕೆ ಎರಡು ಸುತ್ತಿಗಿಂತ ಹೆಚ್ಚು ತಿರುಗದಂತೆ ನಿಧಾನಿಸಿತು, ಹಕ್ಕಿಗಳ ದೊಡ್ಡ ವಲಸೆ ಬರುತ್ತದೆಂಬ ಮುನ್ಸೂಚನೆ ಇತ್ತು. ಗಾಳಿ ಬೀಸುತ್ತಿರುವಾಗ ಯಂತ್ರ ನಿಧಾನಿಸಿದ್ದಕ್ಕೆ ವಿದ್ಯುತ್ ಜಾಲ ಕುಸಿಯಲಿಲ್ಲ. ಮುನ್ಸೂಚನೆ ಎರಡು ದಿನ ಮುಂಚೆ ಸಿಕ್ಕರೆ ಜಾಲ ನಡೆಸುವವರು ತಯಾರಾಗುತ್ತಾರೆ.

ಇನ್ನು ಕಿಟ್ಟಿವೇಕ್. ಕಪ್ಪು ಶಾಯಿಯಲ್ಲಿ ಅದ್ದಿದಂತೆ ರೆಕ್ಕೆಯ ತುದಿಗಳಿರುವ ಪುಟ್ಟ ಕಡಲಕ್ಕಿ, ಕಡಿದಾದ ಬಂಡೆಯ ಅಂಚಿನಲ್ಲಿ ಗೂಡು ಕಟ್ಟುತ್ತದೆ. 1970ರ ದಶಕದಿಂದೀಚೆಗೆ ಜಗತ್ತಿನಲ್ಲಿ ಇದರ ಸಂಖ್ಯೆ ಸುಮಾರು ಶೇ 40ರಷ್ಟು ಕುಸಿದಿದೆ. ಹಾರ್ನ್‌ಸೀ 3 ಯೋಜನೆಗೆ 2020ರ ಕೊನೆಯ ದಿನ ಬ್ರಿಟನ್ ಒಪ್ಪಿಗೆ ಕೊಟ್ಟಾಗ, ಕಿಟ್ಟಿವೇಕ್‌ಗಳಿಗೆ ಆಗುವ ನಷ್ಟ ತುಂಬಿಕೊಡಬೇಕೆಂದು ಷರತ್ತು ಹಾಕಿತು. ಫಲವಾಗಿ ಸಫೊಕ್ ತೀರದ ಹತ್ತಿರ ಕೃತಕ ಗೂಡುಗಳ ಗೋಪುರಗಳು ಎದ್ದವು. ಅಚ್ಚುಕಟ್ಟಾದ ಕೆಲಸ. ಆದರೆ ನನಗೆ ಮೊದಲಿನಿಂದಲೂ ಒಂದು ಅಸಮಾಧಾನ. ಈ ಹಕ್ಕಿಗೆ ಮುಖ್ಯವಾಗಿ ಕೊರತೆ ಇರುವುದು ಗೂಡಿನ ಅಂಚಿಗಲ್ಲ, ಮರಿಯ ಬಾಯಿಗೆ ಇಡುವ ಮೀನಿಗೆ. ಸ್ಯಾಂಡ್‌ಈಲ್ ಎಂಬ ಬೆರಳುದ್ದದ ಬೆಳ್ಳಿಬಣ್ಣದ ಮೀನು ಮರಳಿನಲ್ಲಿ ಹೂತುಕೊಂಡು ಬದುಕುತ್ತದೆ, ಹಕ್ಕಿ, ಸೀಲ್, ದೊಡ್ಡ ಮೀನು ಎಲ್ಲಕ್ಕೂ ಅದೇ ಅನ್ನ. ಕಡಲು ಬೆಚ್ಚಗಾಗಿ ಅದರ ಆಹಾರ ಬಡವಾಯಿತು. ಜೊತೆಗೆ ಅದನ್ನು ಟನ್ನುಗಟ್ಟಲೆ ಹಿಡಿದು ಹಿಟ್ಟು ಮಾಡಿ ಸಾಕಣೆ ಮೀನಿಗೂ ಪ್ರಾಣಿಗಳಿಗೂ ಹಾಕುತ್ತಿದ್ದರು. 2024ರ ಮಾರ್ಚ್‌ನಲ್ಲಿ ಬ್ರಿಟನ್ ಉತ್ತರ ಸಮುದ್ರದ ಇಂಗ್ಲೆಂಡ್ ಭಾಗದಲ್ಲೂ ಸ್ಕಾಟ್ಲೆಂಡಿನ ನೀರಿನಲ್ಲೂ ಸ್ಯಾಂಡ್‌ಈಲ್ ಹಿಡಿಯುವುದನ್ನು ನಿಲ್ಲಿಸಿತು. ಐರೋಪ್ಯ ಒಕ್ಕೂಟ ತಕರಾರು ತೆಗೆದು ಅಂತಾರಾಷ್ಟ್ರೀಯ ಪಂಚಾಯ್ತಿಗೆ ಹೋಯಿತು, ಅಷ್ಟು ಬಿಸಿ ತಟ್ಟಿತ್ತು. ಹತ್ತು ಗೋಪುರಗಳಿಗಿಂತ ಈ ಒಂದು ಆಜ್ಞೆಯ ಮೇಲೆ ನನಗೆ ಹೆಚ್ಚು ಭರವಸೆ. ಗೋಪುರದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬಹುದು, ಹಿಡಿಯದೆ ಬಿಟ್ಟ ಮೀನಿನ ಮುಂದೆ ನಿಲ್ಲಲಾಗುವುದಿಲ್ಲ ಎಂಬುದೊಂದೇ ಅದರ ಕೊರತೆ.

ಕಡಲು ಬೆಚ್ಚಗಾಗುವುದನ್ನು ಪ್ರಸ್ತಾಪಿಸಿದೆ. ಭೂಮಿಯಲ್ಲಿ ಹೆಚ್ಚುವರಿಯಾಗಿ ಸೇರಿದ ಶಾಖದ ಶೇ 90ಕ್ಕಿಂತ ಹೆಚ್ಚನ್ನು ನುಂಗಿರುವುದು ಸಾಗರಗಳೇ. ಆದ್ದರಿಂದ ‘ಯಂತ್ರ ಬೇಡ, ಕಡಲು ಹಾಗೇ ಇರಲಿ’ ಎನ್ನುವವರಿಗೆ ನನ್ನ ಮರುಪ್ರಶ್ನೆ, ಯಾವ ‘ಹಾಗೇ’? ಕಲ್ಲಿದ್ದಲು ಉರಿಯುತ್ತಿದ್ದರೆ ಅದು ಹಾಗೇ ಇರುವುದಿಲ್ಲ. ಇದೇ ವಾದವನ್ನು ತಿರುಗಿಸಿ, ಹವಾಮಾನಕ್ಕಾಗಿ ಮಾಡುತ್ತಿದ್ದೇವೆ, ಹಕ್ಕಿಗಳ ಲೆಕ್ಕ ಕೇಳಬೇಡಿ ಎನ್ನುವ ಅಧಿಕಾರಿಗಳೂ ಇದ್ದಾರೆ. ಅವರಿಗೂ ನನ್ನ ಒಪ್ಪಿಗೆ ಇಲ್ಲ. ದೊಡ್ಡ ಪ್ರಮಾಣದಲ್ಲಿ ಯಂತ್ರಗಳು ಗಾಳಿಯ ವೇಗ ತಗ್ಗಿಸಿದಾಗ ಮೇಲಿನ ನೀರು, ಕೆಳಗಿನ ನೀರು ಬೆರೆಯುವ ರೀತಿಯೇ ಬದಲಾಗುತ್ತದೆ. ಉತ್ತರ ಸಮುದ್ರದ ಬಗ್ಗೆ 2022ರಲ್ಲಿ ಪ್ರಕಟವಾದ ಗಣಕ ಮಾದರಿಯೊಂದರ ಪ್ರಕಾರ, ಸೂಕ್ಷ್ಮ ಸಸ್ಯಗಳ ಉತ್ಪಾದನೆ ಕೆಲವೆಡೆ ಶೇ 10ರವರೆಗೆ ಏರಬಹುದು ಅಥವಾ ಇಳಿಯಬಹುದು. ಎಲ್ಲ ಜೀವಿಗಳ ಊಟ ಶುರುವಾಗುವುದು ಅಲ್ಲಿಂದ. ಇದು ಒಂದು ಯೋಜನೆಯ ವರದಿಯಲ್ಲಿ ಕಾಣುವುದಿಲ್ಲ, ಇಡೀ ಕಡಲನ್ನು ಒಟ್ಟಿಗೆ ನೋಡಿದರೆ ಮಾತ್ರ ಕಾಣುತ್ತದೆ.

ಇಡೀ ಕಡಲನ್ನು ಒಟ್ಟಿಗೆ ನೋಡುವುದೇ ನನ್ನ ಪ್ರಕಾರ ಸಮತೋಲನದ ಬುಡ. ಮೊದಲು ಎಲ್ಲಿ ಕಟ್ಟಬಾರದು ಎಂಬ ನಕ್ಷೆ ಬರಬೇಕು. ಮೀನು ಮೊಟ್ಟೆಯಿಡುವ ಜಲ್ಲಿ ನೆಲ, ಡೈವರ್ ಹಕ್ಕಿಗಳ ಚಳಿಗಾಲದ ಜಾಗ, ವಲಸೆಯ ಇಕ್ಕಟ್ಟು ದಾರಿ, ಇವನ್ನು ಹೊರಗಿಟ್ಟ ಮೇಲೆ ಉಳಿದದ್ದನ್ನು ಕಂಪನಿಗಳಿಗೆ ತೋರಿಸಬೇಕು. ಎಷ್ಟೋ ಕಡೆ ಉಲ್ಟಾ ನಡೆಯುತ್ತದೆ, ಗಾಳಿ ಮತ್ತು ಆಳ ನೋಡಿ ಜಾಗ ಹಂಚಿ, ಆಮೇಲೆ ಜೀವಶಾಸ್ತ್ರಜ್ಞರನ್ನು ಕರೆದು ‘ಏನಾದರೂ ಮಾಡಿ’ ಎನ್ನುತ್ತಾರೆ. ಆಮೇಲೆ ಹರಾಜಿನ ನಿಯಮ. ನೆದರ್ಲೆಂಡ್ಸ್ 2022ರಲ್ಲಿ ಹೊಲಾಂಡ್ಸೆ ಕುಸ್ಟ್ ಪಶ್ಚಿಮ ವಲಯದ ಒಂದು ಜಾಗವನ್ನು ಕೊಡುವಾಗ, ಪ್ರಕೃತಿಗೆ ಯಾರು ಹೆಚ್ಚು ಒಳಿತು ಮಾಡುತ್ತಾರೆ ಎಂಬುದಕ್ಕೆ ಹೆಚ್ಚು ಅಂಕ ಇಟ್ಟಿತು. ಗೆದ್ದವರು ಹಕ್ಕಿಗಳಿಗೆ ದಾರಿ ಬಿಟ್ಟು ಯಂತ್ರ ಜೋಡಿಸುವುದು, ಕೆಲವು ರೆಕ್ಕೆಗಳಿಗೆ ಕೆಂಪು ಬಣ್ಣ ಬಳಿದು ನೋಡುವುದು, ಹೀಗೆ ಹಲವು ಪ್ರಯೋಗಗಳಿಗೆ ಒಪ್ಪಿದರು. ಎಲ್ಲ ಫಲಿಸುತ್ತವೆ ಎಂದಲ್ಲ. ಅಂಕ ಇಟ್ಟ ಕಡೆಗೆ ಎಂಜಿನಿಯರ್‌ಗಳ ತಲೆ ಓಡುತ್ತದೆ.

ನಿಜವಾದ ಚೇತರಿಕೆಯ ಪ್ರಯತ್ನ ನೋಡಬೇಕೆಂದರೆ ಸಿಂಪಿಗಳ ಕಡೆ ನೋಡಿ. ನೆದರ್ಲೆಂಡ್ಸ್‌ನ ಲುಕ್ಟರ್‌ಡೈನನ್ ಮತ್ತು ಬೋರ್ಸೆಲೆ ಯಂತ್ರಗಳ ನಡುವೆ ಬಲೆಯ ಕಾಟ ಇಲ್ಲ. ಅಲ್ಲಿ ರೋಗವಿಲ್ಲದ ಚಪ್ಪಟೆ ಸಿಂಪಿಗಳನ್ನು ಇಳಿಸಿ ಬಿಟ್ಟಿದ್ದಾರೆ. ತಾಯಿ ಸಿಂಪಿ ಬಿಡುವ ಮರಿಗಳು ಒಂದೆರಡು ವಾರ ನೀರಲ್ಲಿ ತೇಲುತ್ತವೆ. ಆಮೇಲೆ ಕೂರಲು ಗಟ್ಟಿ ಜಾಗ ಸಿಗಲೇಬೇಕು, ಅವಕ್ಕೆ ಎಲ್ಲಕ್ಕಿಂತ ಇಷ್ಟ ಹಳೆಯ ಸಿಂಪಿಯ ಚಿಪ್ಪು. ಅದೇ ಇಲ್ಲದ್ದರಿಂದ ನೂರು ವರ್ಷವಾದರೂ ಹಾಸು ತಾನಾಗಿ ಮರಳಲಿಲ್ಲ. ಕಂಬದ ಬುಡದ ಕಲ್ಲನ್ನು ಸ್ವಲ್ಪ ಬೇರೆ ಗಾತ್ರದ್ದು, ಸುಣ್ಣದ ಅಂಶ ಇರುವುದು ಆರಿಸಿದರೆ ಮರಿಗಳಿಗೆ ಕೂರಲು ಅನುಕೂಲ. ಹೇಗೂ ಸುರಿಯುವ ಕಲ್ಲು, ಯೋಚಿಸಿ ಸುರಿದರಾಯಿತು. ಈ ಹಾಸುಗಳು ತಾವೇ ಮರಿ ಮಾಡಿ ಹಬ್ಬತೊಡಗಿದರೆ ಆಗ ನಾನು ‘ಚೇತರಿಕೆ’ ಎಂಬ ಪದ ಬಳಸುತ್ತೇನೆ. ಸದ್ಯಕ್ಕೆ ಅದು ನಾಟಿ ಹಾಕಿದ ಸಸಿ.

ಇಲ್ಲಿಗೆ ನಿಮ್ಮ ಕೊನೆಯ ಪ್ರಶ್ನೆ ಬರುತ್ತದೆ. ಯಂತ್ರದ ಆಯಸ್ಸು 25-30 ವರ್ಷ. ಸಾಮಾನ್ಯವಾಗಿ ಅನುಮತಿ ಪತ್ರದಲ್ಲೇ ಎಲ್ಲ ತೆಗೆದು ಜಾಗ ಮೊದಲಿನಂತೆ ಮಾಡಬೇಕೆಂದು ಬರೆದಿರುತ್ತದೆ. ಮೊದಲ ಕೇಂದ್ರವಾದ ವಿಂಡೆಬಿಯನ್ನು 2017ರಲ್ಲಿ ಹಾಗೆಯೇ ತೆಗೆದರು. ಕಾಂಕ್ರೀಟ್ ಅಡಿಪಾಯಗಳನ್ನು ನಿಂತಲ್ಲೇ ಕಚ್ಚಿ ಒಡೆದು ಎತ್ತಿಕೊಂಡು ಹೋದರು. ಯಂತ್ರಗಳಲ್ಲಿ ಒಂದು ಡೆನ್ಮಾರ್ಕಿನ ಶಕ್ತಿ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ. ಕಂಬದ ಮೇಲೆ 25 ವರ್ಷ ಬೆಳೆದ ಪಚ್ಚಿಲೆ, ಕಡಲಹೂಗಳಿಗೆ ಇಂಥ ಜಾಗ ಇರುವುದಿಲ್ಲ. ಹಾಗಾದರೆ ಬಿಟ್ಟುಬಿಡೋಣವೇ? ತೈಲ ಕಂಪನಿಗಳೂ ತಮ್ಮ ತುಕ್ಕು ಹಿಡಿದ ಕಟ್ಟೆಗಳ ಬಗ್ಗೆ ‘ಮೀನಿಗೆ ಮನೆಯಾಗಿದೆ, ಇರಲಿ ಬಿಡಿ’ ಎಂದು ಹೇಳಿ ಖರ್ಚು ಉಳಿಸಲು ನೋಡುತ್ತವೆ. ಈಶಾನ್ಯ ಅಟ್ಲಾಂಟಿಕ್ ದೇಶಗಳು 1998ರಲ್ಲಿ ಅವಕ್ಕೆ ಹಾಗೆ ಬಿಡಕೂಡದೆಂದು ನಿರ್ಧರಿಸಿದವು, ಕೆಲವೇ ವಿನಾಯಿತಿಗಳನ್ನು ಉಳಿಸಿಕೊಂಡು. ನನ್ನ ಅಭಿಪ್ರಾಯ ಹೀಗಿದೆ. ಉಕ್ಕನ್ನು ತಳದಿಂದ ಕೆಳಗೆ ಕತ್ತರಿಸಿ ತೆಗೆಯಬೇಕು. ಸಿಂಪಿ ಹಾಸು ಕಟ್ಟಿಕೊಂಡಿರುವ ಬುಡದ ಕಲ್ಲನ್ನು ಮುಟ್ಟಬಾರದು. ತೆಗೆಯದೆ ಉಳಿಸಿದ ಹಣವನ್ನು ಕಂಪನಿಯ ಜೇಬಿಗೆ ಬಿಡದೆ ಅದೇ ಕಡಲಿನ ಕಾವಲಿಗೆ ಕಟ್ಟಿಸಿಕೊಳ್ಳಬೇಕು. ಬಲೆ ಎಳೆಯುವ ನಿಷೇಧ ಯಂತ್ರದ ಜೊತೆ ಮುಗಿಯಬಾರದು, ಇಲ್ಲದಿದ್ದರೆ 30 ವರ್ಷ ಬೆಳೆದ ಹಾಸನ್ನು ಟ್ರಾಲರ್ ಒಂದು ವಾರದಲ್ಲಿ ಬಾಚುತ್ತದೆ.

ಇದಕ್ಕೆ ಒಪ್ಪದ ಸಹೋದ್ಯೋಗಿಗಳು ನನಗೆ ಬೇಕಾದಷ್ಟು ಜನ ಇದ್ದಾರೆ. ಕಲ್ಲೂ ಹೊರಗಿನದೇ, ಮರಳ ತಳಕ್ಕೆ ಅದರ ಮರಳನ್ನು ಮರಳಿಸಿ ಎನ್ನುತ್ತಾರೆ ಅವರು. ನಿಮ್ಮ ಮುಂದಿನ ಚರ್ಚೆಗೆ ಈ ಕಲ್ಲಿನ ರಾಶಿಯನ್ನೇ ವಿಷಯವಾಗಿ ಇಡಿ. ಈ ಸಲ ಎರಡೂ ಗುಂಪಿನವರು ಚಿತ್ರದ ಜೊತೆ, ಅದು ಯಾವ ವರ್ಷದ್ದು, ಯಾವ ಜಾಗದ್ದು, ಯಾವುದಕ್ಕೆ ಹೋಲಿಸಿದ್ದು ಎಂಬುದನ್ನೂ ಬರೆದು ತರಲಿ.